ಬೆಂಚಿಗೆ ತಕ್ಕಷ್ಟು ಮಕ್ಕಳು

ಒಂದು ಬೆಂಚಿನ ತೂಕ ಮೂವತ್ತನಾಲ್ಕು ಕಿಲೋ. ಯಾರೂ ತೂಗಿ ಹೇಳಿದ್ದಲ್ಲ. ನನ್ನ ಎಡಹೆಗಲು ಹೇಳುತ್ತದೆ. ಕಬ್ಬಿಣದ ಕಾಲು, ಕೂರಲು ಹಲಗೆ, ಮುಂದೆ ಬರೆಯಲು ಇಳಿಜಾರು ಮೇಜು, ಅದರ ಕೆಳಗೆ ಪುಸ್ತಕ ಇಡುವ ಗೂಡು. ಎಲ್ಲ ಒಂದಕ್ಕೊಂದು ಅಂಟಿಕೊಂಡದ್ದು. ಇಬ್ಬರು ಮಕ್ಕಳು ಕೂರಬಹುದು. ಇಂಥವು ಇಪ್ಪತ್ತಿವೆ. ನಗರಸಭೆಯ ಶಾಲೆಗಳು ಹನ್ನೊಂದು. ಬೆಂಚು ಮಾತ್ರ ಇಪ್ಪತ್ತೇ.

ಅರ್ಥವಾಗದಿದ್ದರೆ ಬಿಡಿಸಿ ಹೇಳುತ್ತೇನೆ. ಶಾಲೆಗಳನ್ನೂ ಹುಡುಗ ಹುಡುಗಿಯರ ಯೋಗಕ್ಷೇಮವನ್ನೂ ನೋಡಿಕೊಳ್ಳಲು ನಗರಸಭೆಯಲ್ಲಿ ಒಂದು ಸಮಿತಿ ಇದೆ. ಅದು ವರ್ಷಕ್ಕೊಮ್ಮೆ ಒಂದೊಂದು ಶಾಲೆಗೂ ತಪಾಸಣೆಗೆ ಬರುತ್ತದೆ. ಹಿಂದಿನ ದಿನ ಮಧ್ಯಾಹ್ನ ನಾನು ಗೋದಾಮಿನಿಂದ ಇಪ್ಪತ್ತು ಬೆಂಚು ತಂದು ಆ ಶಾಲೆಯ ದೊಡ್ಡ ಕೋಣೆಯಲ್ಲಿ ಜೋಡಿಸುತ್ತೇನೆ. ಸಮಿತಿ ಬರುತ್ತದೆ. ನೋಡುತ್ತದೆ. ಬರೆದುಕೊಳ್ಳುತ್ತದೆ. ಚಹಾ ಕುಡಿಯುತ್ತದೆ. ಹೋಗುತ್ತದೆ. ಅದರ ಕಾರು ಎಬ್ಬಿಸಿದ ಧೂಳು ಇಳಿಯುವ ಮೊದಲೇ ನಾನು ಬೆಂಚುಗಳನ್ನು ವಾಪಸ್ ಲಾರಿಗೆ ಏರಿಸುತ್ತೇನೆ. ಮಕ್ಕಳು ಮತ್ತೆ ನೆಲಕ್ಕೆ ಇಳಿಯುತ್ತಾರೆ. ಮುಂದಿನ ಸಲ ಮುಂದಿನ ಶಾಲೆ, ಅದೇ ಇಪ್ಪತ್ತು ಬೆಂಚು.

ಹನ್ನೊಂದು ಕಡೆ ಅದೇ ಬೆಂಚು ನೋಡಿದರೂ ಸಮಿತಿಯವರಿಗೆ ಗೊತ್ತಾಗುವುದಿಲ್ಲವೇ? ಗೊತ್ತು. ಗೊತ್ತಿಲ್ಲದವರ ಹಾಗೆ ಇರುವುದೇ ಅವರ ಕೆಲಸ. ನನ್ನ ಕೆಲಸ ಹೊರುವುದು. ಮೊದಲು ನನಗೊಬ್ಬ ಜೊತೆಗಾರ ಇದ್ದ. ಅವನ ಸೊಂಟ ಹೋಯಿತು, ಮನೆ ಸೇರಿದ. ಅವನ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಇಬ್ಬರು ಹೊರುತ್ತಿದ್ದದ್ದನ್ನು ಒಬ್ಬನೇ ಹೊರುತ್ತೇನೆ ಎಂದು ತೋರಿಸಿಕೊಟ್ಟ ದಡ್ಡ ನಾನೇ.

ಇನ್ನೊಂದು ವಿಷಯ ಇದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಪ್ಪತ್ತು ಬೆಂಚಿಗೆ ನಲವತ್ತು ಮಕ್ಕಳು. ನಾನು ಓದಿದ ಶಾಲೆಯನ್ನೇ ತೆಗೆದುಕೊಳ್ಳಿ, ತರಗತಿಯಲ್ಲಿ ಇರುವುದು ಅರವತ್ತೊಂದು. ಉಳಿದ ಇಪ್ಪತ್ತೊಂದು ಎಲ್ಲಿ? ಸ್ಟೋರ್ ರೂಮಿನಲ್ಲಿ. ಸಮಿತಿ ಹೋಗುವವರೆಗೂ ಹೊರಗಿಂದ ಚಿಲಕ. ಬೇರೆ ತರಗತಿಗಳಿಗೆ ಅಂದು ರಜೆ. ಬೆಂಚು ಮಕ್ಕಳಿಗೆ ಸಾಲದಿದ್ದರೆ ಬೆಂಚು ಹೆಚ್ಚು ಮಾಡಬೇಕು. ಅದು ಕಷ್ಟ. ಮಕ್ಕಳನ್ನು ಕಡಿಮೆ ಮಾಡುವುದು ಸುಲಭ.

ಹತ್ತು ವರ್ಷದ ಹಿಂದೆ ನಾನೂ ಆ ಸ್ಟೋರ್ ರೂಮಿನಲ್ಲಿ ಕೂತಿದ್ದೆ. ಆಗ ಇದೇ ಬೆಂಚುಗಳು ಹೊಸವು, ಬಣ್ಣದ ವಾಸನೆ ಇತ್ತು. ನನ್ನ ಅಂಗಿಯ ತೋಳು ಹರಿದಿತ್ತು. ಮೇಡಂ ಬೆರಳು ತೋರಿಸಿ "ನೀನು, ನೀನು, ನೀನು" ಎಂದು ಎತ್ತಿಟ್ಟರು. ಒಳಗೆ ಸುಣ್ಣದ ಚೀಲ, ಮುರಿದ ಗ್ಲೋಬು, ಗೋಡೆಗೆ ಒರಗಿಸಿಟ್ಟ ಹಳೇ ನಕ್ಷೆಗಳು, ಮೂಲೆಯಲ್ಲಿ ಒಂದು ತಗಡಿನ ಬಕೆಟ್ಟು. ಕಿಟಕಿ ಇಲ್ಲ. ಒಂದು ಗಂಟೆ ಅಂದವರು ಮೂರು ಗಂಟೆ ಮಾಡಿದರು. ಒಬ್ಬ ಹುಡುಗ ಬಾಗಿಲು ಬಡಿದ. ಯಾರೂ ಬರಲಿಲ್ಲ. ಕೊನೆಗೆ ತಡೆಯಲಾರದೆ ಮೂಲೆಯ ಬಕೆಟ್ಟಿಗೆ ಹೋದ. ತಗಡಿನ ಬಕೆಟ್ಟು. ಸದ್ದು ಕೋಣೆಯನ್ನೆಲ್ಲ ತುಂಬಿತು. ಹುಡುಗಿಯರೂ ಇದ್ದರು. ಎಲ್ಲರೂ ನಕ್ಕರು. ಆ ಹುಡುಗ ನಾನೇ. ಮರುದಿನ ಬೋರ್ಡಿನ ಮೇಲೆ ಯಾರೋ ಬಕೆಟ್ಟಿನ ಚಿತ್ರ ಬರೆದಿದ್ದರು. ಮೇಡಂ ಅದನ್ನು ಒರೆಸುವಾಗ ಅವರ ತುಟಿಯೂ ಅಲುಗಿತು. ನಾನು ಚೀಲ ಎತ್ತಿಕೊಂಡು ಹೊರಗೆ ಬಂದವನು ತಿರುಗಿ ಒಳಗೆ ಹೋಗಲಿಲ್ಲ. ಹೋದದ್ದು ನಾಲ್ಕು ವರ್ಷ ಕಳೆದ ಮೇಲೆ, ಹೆಗಲ ಮೇಲೆ ಬೆಂಚು ಹೊತ್ತುಕೊಂಡು.

ಆ ಮೇಡಂ ಈಗ ಆ ಶಾಲೆಯ ಮುಖ್ಯಸ್ಥೆ. ದೊಡ್ಡಮೇಡಂ ಅನ್ನುತ್ತೇವೆ. ನಾನು ಯಾರೆಂದು ಅವರಿಗೆ ನೆನಪಿಲ್ಲ. ಬೆಂಚು ಹೊರುವವನ ಮುಖವನ್ನು ಯಾರು ನೋಡುತ್ತಾರೆ? ಮುಖದ ಮುಂದೆ ಬೆಂಚಿರುತ್ತದೆ.

ಮನೆಯಲ್ಲಿ ನಾನು, ನನ್ನ ತಂಗಿ. ಒಂದೇ ಕೋಣೆ. ಅಮ್ಮ ಊರಿನ ಇನ್ನೊಂದು ತುದಿಯಲ್ಲಿ ಯಾರದೋ ಮನೆಯ ಮುದುಕಿಯನ್ನು ನೋಡಿಕೊಳ್ಳುತ್ತಾಳೆ. ಅಲ್ಲೇ ಮಲಗಬೇಕು. ತಿಂಗಳಿಗೆ ಎರಡು ಭಾನುವಾರ ಬರುತ್ತಾಳೆ, ನಮ್ಮ ಬಟ್ಟೆಯನ್ನೆಲ್ಲ ಒಗೆದು, ನಮ್ಮಿಬ್ಬರ ತಲೆ ನೇವರಿಸಿ ಹೋಗುತ್ತಾಳೆ. ಅಪ್ಪನ ವಿಷಯ ಒಂದು ಸಾಲಿಗೂ ಲಾಯಕ್ಕಿಲ್ಲ.

ತಂಗಿಗೆ ಹನ್ನೆರಡು ವರ್ಷ. ಅವಳನ್ನು ಓಣಿಯವರೆಲ್ಲ ರೇಡಿಯೋ ಎಂದು ಕರೆಯುತ್ತಿದ್ದರು. ಬೆಳಿಗ್ಗೆ ಕಣ್ಣು ಬಿಟ್ಟರೆ ಶುರು. ನಲ್ಲಿಯಲ್ಲಿ ನೀರು ಬಂದದ್ದು, ಪಕ್ಕದ ಮನೆಯ ಜಗಳ, ಯಾವ ಹುಡುಗಿ ಯಾವ ಪ್ರಶ್ನೆಗೆ ತಪ್ಪು ಹೇಳಿದಳು, ಎಲ್ಲ. "ಸ್ವಲ್ಪ ಬಂದ್ ಮಾಡೇ" ಅಂದರೆ, "ಕೇಳೋಕೆ ಇಷ್ಟ ಇಲ್ದಿದ್ರೆ ಕಿವಿ ಬಂದ್ ಮಾಡ್ಕೊ" ಅನ್ನುತ್ತಿದ್ದಳು. ಒಂದು ಗುಣ ಇತ್ತು. ಸುಳ್ಳು ಬರುತ್ತಿರಲಿಲ್ಲ. ಸುಳ್ಳು ಹೇಳಬೇಕಾದ ಕಡೆಯೂ ಬರುತ್ತಿರಲಿಲ್ಲ.

ಓದುವುದು ಅದೇ ಶಾಲೆಯಲ್ಲಿ. ಹೋದ ವರ್ಷ ಅವಳ ತರಗತಿಯನ್ನು ಸಮಿತಿಗೆ ತೋರಿಸಲು ಆರಿಸಿದರು. ನಾನೇ ಅವಳ ಯೂನಿಫಾರ್ಮಿಗೆ ಇಸ್ತ್ರಿ ಹಾಕಿದೆ. ಪದ್ಯ ಚೆನ್ನಾಗಿ ಹೇಳುತ್ತಾಳೆಂದು ಕಿಟಕಿ ಸಾಲಿನ ಮೂರನೇ ಬೆಂಚಿನಲ್ಲಿ ಕೂರಿಸಿದರು. ಸಮಿತಿಯ ಅಧ್ಯಕ್ಷರು ಬಂದರು. ಬೆಂಚಿನ ಮೇಲೆ ಕೈಯಿಟ್ಟು, ಪ್ರೀತಿಯಿಂದಲೇ, "ಏನಮ್ಮಾ, ಬೆಂಚು ಹೇಗಿದೆ?" ಎಂದು ಕೇಳಿದರು.

"ಚೆನ್ನಾಗಿದೆ ಸಾರ್. ನಮ್ಮಣ್ಣನೇ ನಿನ್ನೆ ಹೊತ್ಕೊಂಡು ಬಂದಿದ್ದು. ಒಬ್ನೇ! ನೀವು ಹೋದ್ಮೇಲೆ ವಾಪಸ್ ತಗೊಂಡ್ಹೋಗ್ತಾನೆ."

ದೂರು ಹೇಳಿದ್ದಲ್ಲ ಅದು. ಹೆಮ್ಮೆ. ಅಣ್ಣ ಒಬ್ಬನೇ ಇಪ್ಪತ್ತು ಬೆಂಚು ಹೊರುತ್ತಾನೆ ಎನ್ನುವ ಹೆಮ್ಮೆ.

ಆಗ ದೊಡ್ಡಮೇಡಂ ನಕ್ಕರಂತೆ. ತಮ್ಮ ತಲೆಯ ಪಕ್ಕದಲ್ಲಿ ಬೆರಳು ತಿರುಗಿಸಿ, ದನಿ ತಗ್ಗಿಸಿ ಹೇಳಿದರಂತೆ: "ಪಾಪ, ಆ ಹುಡುಗಿಗೆ ಸ್ವಲ್ಪ ಹಾಗೆ ಸಾರ್. ಏನೇನೋ ಕಲ್ಪಿಸಿಕೊಳ್ತಾಳೆ." ಅಧ್ಯಕ್ಷರ ಮುಖ ಕರಗಿತು. ಕರುಣೆ ಇರುವ ಮನುಷ್ಯ. ವರದಿಯಲ್ಲಿ ಎರಡು ಸಾಲು ಬರೆಸಿದರು. ಪೀಠೋಪಕರಣ ತೃಪ್ತಿಕರ ಎಂಬುದು ಒಂದು. ಒಬ್ಬ ವಿದ್ಯಾರ್ಥಿನಿಯಲ್ಲಿ ಬುದ್ಧಿಮಾಂದ್ಯದ ಲಕ್ಷಣ ಕಂಡಿದೆ, ಯುವಜನ ಸೇವಾ ವಿಭಾಗ ಗಮನಿಸಬೇಕು ಎಂಬುದು ಇನ್ನೊಂದು.

ಮರುದಿನ ನನ್ನನ್ನು ಕರೆಸಿದರು. ದೊಡ್ಡಮೇಡಂ ಇದ್ದರು, ನಮ್ಮ ಮೇಸ್ತ್ರಿ ಇದ್ದ. ಅವನಿಗೆ ಸೀಟಿ ಎಂದು ಅಡ್ಡಹೆಸರು. ಕೊರಳಲ್ಲಿ ಸದಾ ಒಂದು ಸೀಟಿ. ಎತ್ತು ಅನ್ನಲು ಒಂದು ಸಲ, ನಿಲ್ಲು ಅನ್ನಲು ಎರಡು ಸಲ, ಇಳಿಸು ಅನ್ನಲು ಉದ್ದಕ್ಕೆ. ಬಾಯಿ ಇದ್ದೂ ಮಾತು ಖರ್ಚು ಮಾಡದ ಮನುಷ್ಯ. ಮೇಜಿನ ಮೇಲೆ ಒಂದು ಕಾಗದ.

"ನಿಮ್ಮಮ್ಮ ಮನೇಲಿರಲ್ಲ. ನೀನೇ ಪೋಷಕ. ಸೈನ್ ಹಾಕು," ಅಂದ ಮೇಸ್ತ್ರಿ. "ಇಲ್ಲಾಂದ್ರೆ ಲಾರಿ ಹತ್ಬೇಡ ನಾಳೆಯಿಂದ."

ನಾನು ಓದಿದೆ. ನನ್ನ ಓದು ನಿಧಾನ. ಬೆರಳಿಟ್ಟು ಓದಬೇಕು. ನನ್ನ ತಂಗಿಯು ಮನೆಯಲ್ಲಿಯೂ ಇಲ್ಲದ್ದನ್ನು ಇದೆ ಎಂದು ಹೇಳುವ ಅಭ್ಯಾಸವುಳ್ಳವಳಾಗಿದ್ದಾಳೆ. ಹಾಗಂತ ಇತ್ತು. ಇಲ್ಲದ್ದನ್ನು ಇದೆ ಎಂದು ಹೇಳುವವರು! ಹನ್ನೊಂದು ಶಾಲೆಯಲ್ಲಿ ಇಲ್ಲದ ಬೆಂಚನ್ನು ಇದೆ ಎಂದು ತೋರಿಸುವವರು ಬರೆದ ಕಾಗದ ಅದು. ನನಗೆ ಆಗಲೇ ಹಾಗನ್ನಿಸಿತು. ಅನ್ನಿಸಿದ ಮೇಲೂ ಸೈನ್ ಹಾಕಿದೆ. ಅಕ್ಷರ ಬಾರದೆ ಮೋಸ ಹೋದೆ ಎಂದು ಹೇಳಿಕೊಳ್ಳಲು ನನಗೆ ದಾರಿ ಇಲ್ಲ.

ಆ ಕಾಗದವನ್ನು ದೊಡ್ಡಮೇಡಂ ಅವಳಿಗೆ ತೋರಿಸಿದರು. ಸಂಜೆ ನಾನು ಮನೆಗೆ ಬಂದಾಗ ಬಾಗಿಲಲ್ಲೇ ನಿಂತಿದ್ದಳು.

"ಓದಿ ಸೈನ್ ಹಾಕಿದ್ಯಾ?"

"ಹೂಂ."

"ಪೂರ್ತಿ ಓದಿದ್ಯಾ?"

"ಪೂರ್ತಿ."

ಅಷ್ಟೇ. ರೇಡಿಯೋ ನಿಂತಿತು.

ಒಂದು ವರ್ಷ. ಒಂದೇ ಕೋಣೆಯಲ್ಲಿ ಇಬ್ಬರು. ತಟ್ಟೆ ಇಡುವ ಸದ್ದು, ಲೋಟ ಇಡುವ ಸದ್ದು, ಅವಳು ಪುಟ ತಿರುಗಿಸುವ ಸದ್ದು. ಏನಾದರೂ ಕೇಳಿದರೆ ತಲೆಯಾಡಿಸಿಯೇ ಉತ್ತರ. ಶಾಲೆಯಲ್ಲೂ ಬಾಯಿ ಬಿಡುವುದಿಲ್ಲವಂತೆ. ಅಮ್ಮ ಬಂದ ಭಾನುವಾರ ಮಾತ್ರ ನಾಲ್ಕು ಮಾತು, ಅದೂ ಪಿಸುಪಿಸು, ಅದೂ ಅಮ್ಮನ ಕಿವಿಗೆ. ನಾನು ಹೊರಗೆ ಮೆಟ್ಟಿಲ ಮೇಲೆ ಕೂತು ಆ ಪಿಸುಪಿಸು ಕೇಳಿಸಿಕೊಳ್ಳುತ್ತಿದ್ದೆ. ಮಾತು ತಿಳಿಯುತ್ತಿರಲಿಲ್ಲ. ದನಿ ಇದೆಯಲ್ಲ, ಸಾಕು ಅನ್ನಿಸುತ್ತಿತ್ತು.

ಮಕ್ಕಳು ಬೆಂಚಿನ ಮೇಲೆ ಏನಾದರೂ ಗೀಚುತ್ತಾರೆ. ತಪಾಸಣೆ ತಪಾಸಣೆಯ ನಡುವೆ ಗೋದಾಮಿನಲ್ಲಿ ಮರಳುಕಾಗದ ಉಜ್ಜಿ, ವಾರ್ನಿಷ್ ಬಳಿದು ಅದನ್ನೆಲ್ಲ ಅಳಿಸುವುದು ನನ್ನ ಕೆಲಸ. ಬೆಂಚು ಯಾವಾಗಲೂ ಈಗತಾನೇ ಬಂದ ಹಾಗಿರಬೇಕು. ಹಾಗೆ ಉಜ್ಜುತ್ತಿದ್ದಾಗ ಒಂದು ಬೆಂಚಿನ ಗೂಡಿನೊಳಗೆ ಬೆರಳಿಗೆ ಏನೋ ತಡೆಯಿತು. ಬೆಂಚನ್ನು ಬೋರಲು ಹಾಕಿ ನೋಡಿದೆ. ಕಂಪಾಸಿನ ಮೊನೆಯಿಂದ ಕೊರೆದಿದ್ದಳು: ನಮ್ಮಣ್ಣ ತಂದಿದ್ದು. ಸಮಿತಿಗೆ ಕಾಯುತ್ತಾ ಕೂತಿದ್ದಾಗ ಕೊರೆದಿರಬೇಕು. ನಾನು ಸೈನ್ ಹಾಕುವ ಹಿಂದಿನ ದಿನ.

ಅದೊಂದನ್ನು ಉಜ್ಜಲಿಲ್ಲ. ಆ ಬೆಂಚನ್ನು ವರ್ಷವಿಡೀ ಶಾಲೆಯಿಂದ ಶಾಲೆಗೆ ಹೊತ್ತೆ. ಹೆಗಲಿಗೇರಿಸಿದರೆ ಆ ಅಕ್ಷರ ಸರಿಯಾಗಿ ನನ್ನ ಕಿವಿಯ ಪಕ್ಕಕ್ಕೆ ಬರುತ್ತಿತ್ತು. ಉಳಿದ ಹತ್ತೊಂಬತ್ತು ಮೂವತ್ತನಾಲ್ಕು ಕಿಲೋ. ಅದೊಂದರ ತೂಕ ನನಗೆ ಗೊತ್ತಿಲ್ಲ.

ಈ ವರ್ಷ ಕಾಗದ ಬಂತು. ಸದರಿ ವಿದ್ಯಾರ್ಥಿನಿಯು ಈಗ ಮಾತನಾಡುವುದನ್ನೂ ನಿಲ್ಲಿಸಿರುವುದರಿಂದ ವಸತಿಸಹಿತ ವಿಶೇಷ ಕೇಂದ್ರಕ್ಕೆ ಕಳುಹಿಸುವ ಬಗ್ಗೆ ತಪಾಸಣೆಯ ದಿನ ಸಮಿತಿ ಖುದ್ದಾಗಿ ನೋಡಿ ತೀರ್ಮಾನಿಸುವುದು. ನಿಜ ಹೇಳಿದ್ದಕ್ಕೆ ಬುದ್ಧಿ ಇಲ್ಲ ಅಂದರು. ಅಂದದ್ದಕ್ಕೆ ಸುಮ್ಮನಾದಳು. ಸುಮ್ಮನಾದದ್ದೇ ಸಾಕ್ಷಿಯಾಯಿತು. ಆ ಕೇಂದ್ರದ ಮಕ್ಕಳ ಬಗ್ಗೆ ನಾನೇನೂ ಅನ್ನುವುದಿಲ್ಲ. ಅಲ್ಲಿಗೆ ನಗರಸಭೆಯ ಮಂಚ ಹೊತ್ತಿದ್ದೇನೆ, ಅಲ್ಲಿನ ಒಬ್ಬ ಹುಡುಗ ನನಗೆ ನೀರು ತಂದುಕೊಟ್ಟಿದ್ದಾನೆ. ಆದರೆ ನನ್ನ ತಂಗಿಯನ್ನು ಅಲ್ಲಿಗೆ ಕಳಿಸುತ್ತಿದ್ದದ್ದು ಅವಳಿಗಾಗಿ ಅಲ್ಲ. ಇಪ್ಪತ್ತು ಬೆಂಚಿಗಾಗಿ.

ಅಮ್ಮನಿಗೆ ಫೋನು ಮಾಡಿದೆ.

"ದೊಡ್ಡೋರು ಒಳ್ಳೇದಕ್ಕೇ ಹೇಳ್ತಾರೇನೋ ಮಗಾ," ಅಂದಳು. "ಅಲ್ಲಿ ಊಟ ಹೊತ್ಹೊತ್ತಿಗೆ ಕೊಡ್ತಾರಂತೆ."

"ಅವಳಿಗೇನಾಗಿದೆ ಅಮ್ಮ?"

"ಅದನ್ನೇ ನಾನು ನಿನ್ನ ಕೇಳ್ಬೇಕು ಅಂತಿದ್ದೆ. ಏನಾಯ್ತೋ ಅವಳಿಗೆ?"

ಆ ಕಡೆ ಮುದುಕಿ ಕೆಮ್ಮಿದಳು. ಅಮ್ಮ ಫೋನಿಟ್ಟಳು. ನಾನು ಹೇಳಬೇಕಾದದ್ದನ್ನು ಹೇಳಲಿಲ್ಲ.

ತಪಾಸಣೆಯ ಹಿಂದಿನ ದಿನ ಮಧ್ಯಾಹ್ನ ಬೆಂಚು ಇಳಿಸಿದೆವು. ಇಳಿಸಿದೆವು ಅಂದರೆ ನಾನು ಇಳಿಸಿದೆ, ಡ್ರೈವರ್ ನೋಡಿದ. ಅವನು ನನ್ನನ್ನು ಅಳಿಯ ಅನ್ನುತ್ತಾನೆ, ನಾನು ಅವನನ್ನು ಮಾವ ಅನ್ನುತ್ತೇನೆ. ಅವನಿಗೆ ಮಗಳಿಲ್ಲ.

"ಏನಳಿಯಾ, ಇವತ್ತು ಮುಖ ಗಂಟು ಹಾಕ್ಕೊಂಡಿದೀಯಾ?"

"ಹುಡುಗಿ ಕೊಡ್ತೀನಿ ಅಂತ ಆರು ವರ್ಷದಿಂದ ಏಮಾರಿಸ್ತಿದೀಯಲ್ಲ ಮಾವ, ಅದಕ್ಕೆ."

"ಹುಟ್ಟಲಿ ತಡಿಯೋ," ಅಂದ. ನಕ್ಕೆವು. ನಾನು ಆ ವಾರವೆಲ್ಲ ನಕ್ಕಿದ್ದು ಅದೊಂದೇ.

ದೊಡ್ಡಮೇಡಂ ಪಟ್ಟಿ ಹಿಡಿದು ಹೊರಗೆ ಬಂದರು. ಈ ವರ್ಷವೂ ಅದೇ ತರಗತಿಯನ್ನು ಆರಿಸಿದ್ದರು. ಹೋದ ವರ್ಷವೇ ಕಲಿಸಿ ಪಳಗಿಸಿದ ಮಕ್ಕಳಲ್ಲವೇ.

"ನಿಮ್ಮ ಹುಡುಗೀನ ಕೊನೇಲಿ ಕರೆಸ್ತೀವಿ. ಅಲ್ಲೀವರೆಗೂ ಸ್ಟೋರಲ್ಲಿರ್ತಾಳೆ. ನೀನು ಹಿಂದ್ಗಡೆ ಲಾರೀಲಿರು, ಮುಖ ತೋರಿಸ್ಬೇಡ. ನಿನ್ನ ಸೈನ್ ಇದೆ, ಸಾಕು."

ನಾನು ಹೂಂ ಅಂದೆ. ಅಷ್ಟೇ ನನ್ನ ಗಂಡಸ್ತನ. ಮನೆಯಲ್ಲಿ ಅವಳು ತನ್ನ ಚೀಲದಲ್ಲಿ ಪುಸ್ತಕ ತುಂಬುತ್ತಿದ್ದಳು. ಕೇಂದ್ರಕ್ಕೆ ಹೋಗುವ ವಿಷಯ ಅವಳಿಗೂ ಗೊತ್ತು. ಬಟ್ಟೆ ತುಂಬಲಿಲ್ಲ. ಪುಸ್ತಕ ತುಂಬಿದಳು.

ಮರುದಿನ ಬೆಳಿಗ್ಗೆ ಹತ್ತೂವರೆ. ಲಾರಿ ಶಾಲೆಯ ಹಿಂದೆ, ಸ್ಟೋರ್ ರೂಮಿನ ಬಾಗಿಲಿಗೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿತ್ತು. ಡ್ರೈವರ್ ಮಾವ ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತಿದ್ದ. ಮುಂದೆ ಕಾರುಗಳು ಬಂದ ಸದ್ದು. ನಲವತ್ತು ಮಕ್ಕಳು ಒಂದೇ ದನಿಯಲ್ಲಿ ನಮಸ್ತೇ ಅಂದ ಸದ್ದು. ನಾನು ಲಾರಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ. ಸ್ಟೋರ್ ರೂಮಿನೊಳಗೆ ಕೆಮ್ಮು. ಪಿಸುಮಾತು. ಮತ್ತೆ ಕೆಮ್ಮು. ಮುಕ್ಕಾಲು ಗಂಟೆ ಹೋಯಿತು.

ಒಳಗಿಂದ ಒಂದು ಸಣ್ಣ ದನಿ: "ಮಿಸ್, ಒಂದಕ್ಕೆ ಹೋಗ್ಬೇಕು."

ಇನ್ನೊಂದು ದನಿ: "ಮಿಸ್ ಎಲ್ಲಿದಾರೋ ಇಲ್ಲಿ? ತಡ್ಕೋ."

"ಆಗ್ತಿಲ್ಲ ಕಣೋ."

ಬಾಗಿಲು ಬಡಿದರು. ಎರಡು ಸಲ. ಆಮೇಲೆ ಬಡಿತ ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ತಗಡಿನ ಮೇಲೆ ನೀರು ಬಿದ್ದ ಸದ್ದು.

ಹತ್ತು ವರ್ಷ ಆ ಬಕೆಟ್ಟನ್ನು ಕೂಡ ಯಾರೂ ಬದಲಾಯಿಸಿರಲಿಲ್ಲ.

ನಾನು ಇಳಿದೆ. ಚಿಲಕ ತೆಗೆದೆ. ಒಳಗೆ ಕತ್ತಲು, ಸುಣ್ಣದ ವಾಸನೆ, ಮೈಯ ವಾಸನೆ. ಹತ್ತೊಂಬತ್ತು ಮಕ್ಕಳು ನನ್ನನ್ನು ನೋಡಿದರು. ಯಾರೂ ನಗುತ್ತಿರಲಿಲ್ಲ. ಮೂಲೆಯಲ್ಲಿ ನನ್ನ ತಂಗಿ ಹಳೇ ನಕ್ಷೆಯೊಂದನ್ನು ಬಿಡಿಸಿ, ಎರಡೂ ಕೈ ಮೇಲಕ್ಕೆ ಚಾಚಿ ಪರದೆಯ ಹಾಗೆ ಹಿಡಿದಿದ್ದಳು. ಮುಖ ಆ ಕಡೆ ತಿರುಗಿಸಿದ್ದಳು. ನಕ್ಷೆಯ ಹಿಂದೆ ಆ ಹುಡುಗ. ಕೆಳಗೆ ಅವನ ಕಾಲೆರಡು ಮಾತ್ರ ಕಾಣುತ್ತಿದ್ದವು. ಅವಳ ತೋಳು ನಡುಗುತ್ತಿತ್ತು. ಇಳಿಸಲಿಲ್ಲ.

ನನಗೆ ಯಾರೂ ನಕ್ಷೆ ಹಿಡಿದಿರಲಿಲ್ಲ.

"ಆಚೆ ಬನ್ನಿ ಎಲ್ಲ," ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಮುಂದ್ಗಡೆ ಅಂಗಳಕ್ಕೆ ಹೋಗಿ."

ನಾನು ದೊಡ್ಡ ಕೋಣೆಗೆ ಹೋದೆ. ಹಿಂದಿನ ಬಾಗಿಲಿಂದಲ್ಲ, ಮುಂದಿನ ಬಾಗಿಲಿಂದ. ಅಧ್ಯಕ್ಷರು ಫೈಲು ಬಿಚ್ಚಿ ಕೂತಿದ್ದರು. ಪಕ್ಕದಲ್ಲಿ ಕನ್ನಡಕದ ಒಬ್ಬ ಸದಸ್ಯೆ, ಕೈಯಲ್ಲಿ ಪೆನ್ನು. "ಆ ಹುಡುಗಿಯನ್ನ ಕರೆಸಿ, ಮುಗಿಸಿಬಿಡೋಣ," ಅನ್ನುತ್ತಿದ್ದರು ಅಧ್ಯಕ್ಷರು. ನಾನು ಕಿಟಕಿ ಸಾಲಿನ ಮೂರನೇ ಬೆಂಚಿಗೆ ಹೋದೆ. ಅದು ಎಲ್ಲಿದೆ ಎಂದು ನಾನು ಹುಡುಕಬೇಕಿರಲಿಲ್ಲ, ನಾನೇ ಇಟ್ಟದ್ದು.

"ಏಳ್ರಪ್ಪ," ಅಂದೆ ಅಲ್ಲಿದ್ದ ಇಬ್ಬರಿಗೆ. ಎದ್ದರು. ಬೆಂಚು ಎತ್ತಿ ಹೆಗಲಿಗೇರಿಸಿದೆ.

"ಯಾರ್ರೀ ಇವನು?" ಅಂದರು ಅಧ್ಯಕ್ಷರು.

"ಗೊತ್ತಿಲ್ಲ ಸಾರ್," ಅಂದರು ದೊಡ್ಡಮೇಡಂ.

"ಆರು ವರ್ಷದಿಂದ ನನ್ನ ಕೈಲೇ ಇಳಿಸ್ಕೊಂಡಿದೀರಿ. ಗೊತ್ತಿಲ್ವಾ ಮೇಡಂ?"

"ಏಯ್! ಇಳಿಸು ಅದನ್ನ!"

"ಇಳಿಸೋದು ನಿನ್ನೆ ಆಯ್ತು. ಇವತ್ತು ಏರಿಸೋ ಸರದಿ." ಅಧ್ಯಕ್ಷರ ಕಡೆ ತಿರುಗಿದೆ. ಬೆಂಚಿನ ಕಾಲು ಮೇಜಿನ ಹೂದಾನಿಗೆ ತಗುಲಿ ಅದು ಉರುಳಿತು. "ಹೋದ ವರ್ಷ ಈ ಬೆಂಚಲ್ಲಿ ಕೂತಿದ್ದ ಹುಡುಗಿ ನಿಮಗೊಂದು ಮಾತು ಹೇಳಿದ್ಳು ಸಾರ್. ಅಣ್ಣ ತಂದ, ಅಣ್ಣ ವಾಪಸ್ ಒಯ್ತಾನೆ ಅಂತ. ನೋಡಿ. ಒಯ್ತಿದೀನಿ."

ಹೊರಗೆ ಅಂಗಳಕ್ಕೆ ಒಯ್ದು ಇಟ್ಟೆ. ಮತ್ತೆ ಒಳಗೆ ಬಂದೆ. ಎರಡನೆಯದು. ಮೇಸ್ತ್ರಿ ಓಡಿ ಬಂದ. ಸೀಟಿ ಊದಿದ, ಎರಡು ಸಲ. ಆರು ವರ್ಷ ಆ ಸದ್ದಿಗೆ ನನ್ನ ಕಾಲು ತಾನಾಗಿ ನಿಲ್ಲುತ್ತಿತ್ತು. ಮತ್ತೆ ಊದಿದ. ಕೆನ್ನೆ ಉಬ್ಬಿಸಿಕೊಂಡು ಊದುತ್ತಲೇ ಇದ್ದ. ಮಕ್ಕಳಿಗೆ ನಗು ಬಂತು. ಮೂರನೆಯದು. ನಾಲ್ಕು. ಸ್ಟೋರ್ ರೂಮಿನಿಂದ ಬಂದವರು ಅಂಗಳದಲ್ಲಿ ನಿಂತಿದ್ದರು. ಒಂದು ಹುಡುಗಿ ಹಲಗೆ ಮುಟ್ಟಿ ನೋಡಿ ಕೂತಳು. ಆಮೇಲೆ ಬೆಂಚು ಬಂದ ಹಾಗೆ ಉಳಿದವರೂ ಒತ್ತಿ ಒತ್ತಿ ಮೂವರು ಮೂವರಾಗಿ ಕೂತರು. ಕೋಣೆಯೊಳಗೆ ಎದ್ದವರು ನೆಲದ ಮೇಲೆ ಕೂತರು. ನೆಲ ಅವರಿಗೆ ಹೊಸದಲ್ಲ.

ಯಾರೂ ನನ್ನನ್ನು ತಡೆಯಲಿಲ್ಲ. ತಡೆಯಬೇಕೆಂದರೆ ಮುಟ್ಟಬೇಕು. ನನ್ನ ಅಂಗಿ ಬೆವರಿನಿಂದ ಒದ್ದೆ.

ಐದು. ಆರು. ಏಳನೆಯದನ್ನು ಎತ್ತುವಾಗ ಎಡಹೆಗಲಿನಲ್ಲಿ ಏನೋ ಕಿತ್ತು ಬಂದ ಹಾಗಾಯಿತು. ಬೀಳಿಸಲಿಲ್ಲ. ಅದನ್ನೂ ಅಂಗಳಕ್ಕೆ ತಲುಪಿಸಿ, ಅದರ ಪಕ್ಕ ಮಂಡಿಯೂರಿ ಕೂತೆ. ಡ್ರೈವರ್ ಮಾವ ಬಂದಿದ್ದ. ಗೇಟಿನ ಪಕ್ಕ ನಿಂತು ನೋಡಿದ. ಕಣ್ಣಿಗೆ ಕಣ್ಣು ಸೇರಿದಾಗ ತಲೆ ತಗ್ಗಿಸಿದ. ತಪ್ಪು ಹೊರಿಸುವುದಿಲ್ಲ. ಆರು ವರ್ಷ ನಾನೂ ತಗ್ಗಿಸಿದ್ದೆ.

ಸಮಿತಿಯವರೆಲ್ಲ ಹೊರಗೆ ಬಂದಿದ್ದರು. ಕನ್ನಡಕದ ಸದಸ್ಯೆ ಮೊದಲು ತಂದಿಟ್ಟ ಬೆಂಚಿನ ಹತ್ತಿರ ನಿಂತು, ಬಗ್ಗಿ, ಗೂಡಿನೊಳಗೆ ಕೈಯಾಡಿಸಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ನನ್ನ ತಂಗಿಯ ಕಡೆ ನೋಡಿದರು. ಅವಳೊಬ್ಬಳೇ ಕೂತಿರಲಿಲ್ಲ. ಸುತ್ತಿದ ನಕ್ಷೆ ಕಂಕುಳಲ್ಲಿತ್ತು.

"ಇವನು ಯಾರು ಅಂತ ಗೊತ್ತೇನಮ್ಮಾ?"

ದೊಡ್ಡಮೇಡಂ ಮುಂದೆ ಬಂದರು. "ಅವಳು ಮಾತಾಡಲ್ಲ ಮೇಡಂ. ಅದನ್ನೇ ಫೈಲಲ್ಲಿ..."

"ಗೊತ್ತು," ಅಂದಳು ತಂಗಿ.

ಒಂದು ವರ್ಷ ಬಳಸದ ದನಿ. ತುಕ್ಕು ಹಿಡಿದ ಹಾಗಿತ್ತು. ಗಂಟಲು ಸರಿಮಾಡಿಕೊಂಡಳು.

"ನಮ್ಮಣ್ಣ. ಹೋದ ವರ್ಷ ಬೆಂಚು ತಂದೋನೂ ಇವನೇ. ನಾನು ಸುಳ್ಳು ಹೇಳ್ತೀನಿ ಅಂತ ಸೈನ್ ಹಾಕಿದೋನೂ ಇವನೇ. ಓದಿ ಹಾಕಿದ. ಪೂರ್ತಿ ಓದಿ."

ಮೇಸ್ತ್ರಿಯ ಬಾಯಿಂದ ಸೀಟಿ ಜಾರಿ ಕೊರಳಿಗೆ ಬಿತ್ತು. ಅವಳು ನನ್ನ ಮೇಲೆ ಕರುಣೆ ತೋರಿಸಲಿಲ್ಲ. ತೋರಿಸಿದ್ದರೆ ಅವಳು ಅವಳಾಗಿರುತ್ತಿರಲಿಲ್ಲ. ನಾನು ಮಂಡಿಯೂರಿದಲ್ಲೇ ಹೇಳಿದೆ: "ಹೂಂ. ಅವಳು ಹೇಳಿದ್ದು ನಿಜ. ಎರಡೂ ನಿಜ."

"ಮಾತಾಡ್ತಾಳಲ್ಲ ಸಾರ್," ಅಂದರು ಸದಸ್ಯೆ, ಅಧ್ಯಕ್ಷರಿಗೆ.

ಅಧ್ಯಕ್ಷರು ಗಡಿಯಾರ ನೋಡಿಕೊಂಡರು. "ಈ ವಿಷಯ ಮುಂದಿನ ಸಭೆಗೆ ಇಡೋಣ."

ಅಷ್ಟೇ ನಾವು ಗೆದ್ದದ್ದು. ಮುಂದಿನ ಸಭೆವರೆಗೆ.

ಆಮೇಲೆ ನನ್ನನ್ನು ದೊಡ್ಡಮೇಡಂ ಕೋಣೆಗೆ ಕರೆದರು. ನಾನು ಹೋಗುವಷ್ಟರಲ್ಲಿ ಕಾಗದ ತಯಾರಾಗಿತ್ತು. ಇವರ ಕೈಯಲ್ಲಿ ಬೆಂಚು ತಯಾರಾಗುವುದಿಲ್ಲ, ಕಾಗದ ತಯಾರಾಗುತ್ತದೆ. ಅಧ್ಯಕ್ಷರು ಚಹಾ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದರು. ಮೇಸ್ತ್ರಿ ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗಿಟ್ಟ.

"ದೊಡ್ಡ ಮನಸ್ಸು ಮಾಡಿದಾರೆ. ಸೈನ್ ಹಾಕ್ಬಿಟ್ಟು ಬೆಂಚು ಏರಿಸು. ನಾಡಿದ್ದು ಇನ್ನೊಂದು ಶಾಲೆ ಇದೆ."

ನಾನು ಓದಲು ಶುರುಮಾಡಿದೆ. ಬೆರಳಿಟ್ಟು. ಎಡಗೈ ಮೇಲೇಳುತ್ತಿರಲಿಲ್ಲ, ಬಲಗೈಯಲ್ಲೇ ಪೆನ್ನು, ಬಲಗೈಯಲ್ಲೇ ಬೆರಳು. ಮದ್ಯದ ಅಮಲಿನಲ್ಲಿ. ಅಶಿಸ್ತಿನಿಂದ. ಮೊದಲೇ ಶಾಲೆಯಲ್ಲಿದ್ದ ಬೆಂಚುಗಳನ್ನು. ಅಲ್ಲಿ ಬೆರಳು ನಿಂತಿತು. ಮತ್ತೆ ಮೊದಲಿಂದ ಓದಿದೆ. ಯಾರೋ ಲೊಚಗುಟ್ಟಿದರು. ಚಹಾ ಆರುತ್ತಿತ್ತು. ನನಗೆ ಅವಸರ ಇರಲಿಲ್ಲ. ಇವರು ನನಗಾಗಿ ಕಾದದ್ದು ಅದೇ ಮೊದಲು.

"ಓದಿದ್ಯಲ್ಲ, ಹಾಕು," ಅಂದ ಮೇಸ್ತ್ರಿ.

"ಓದ್ದೆ. ಅದಕ್ಕೇ ಹಾಕಲ್ಲ."

ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟೆ. ಹೊರಡುವ ಮೊದಲು ದೊಡ್ಡಮೇಡಂಗೆ ಒಂದು ಮಾತು ಹೇಳಿದೆ. "ಸ್ಟೋರ್ ರೂಮಲ್ಲಿ ಬಕೆಟ್ ಇದೆ. ತೊಳೆಸಿ. ಹತ್ತು ವರ್ಷದ ಹಿಂದೆ ನಾನೇ ತೊಳೆದಿದ್ದೆ, ನೀವೇ ತೊಳೆಸಿದ್ರಿ." ಅವರು ಮೊದಲ ಸಲ ನನ್ನ ಮುಖ ನೋಡಿದರು. ನೆನಪಾಯಿತೋ ಇಲ್ಲವೋ ತಿಳಿಯದು. ನಾನು ಕಾಯಲಿಲ್ಲ.

ಅಂಗಳದಲ್ಲಿ ಏಳು ಬೆಂಚು ಬಿಸಿಲಿನಲ್ಲಿದ್ದವು. ಮಕ್ಕಳನ್ನು ಮನೆಗೆ ಕಳಿಸಿದ್ದರು. ಲಾರಿ ಹೋಗಿತ್ತು, ಖಾಲಿ. ಹೊರಲು ಆಳಿಲ್ಲದೆ ಡ್ರೈವರ್ ಮಾವ ಏನು ಮಾಡಿಯಾನು? ಆರು ವರ್ಷದಲ್ಲಿ ಒಮ್ಮೆಯೂ ನಾನು ಆ ಬೆಂಚಿನ ಮೇಲೆ ಕೂತಿರಲಿಲ್ಲ. ಅವತ್ತೂ ಕೂರಬೇಕು ಅನ್ನಿಸಲಿಲ್ಲ.

ತಂಗಿ ಗೇಟಿನ ಹೊರಗೆ ಚೀಲ ಹಾಕಿಕೊಂಡು ನಿಂತಿದ್ದಳು. ನನ್ನನ್ನು ನೋಡಿದೊಡನೆ ಹೊರಟಳು. ನಾನು ಹಿಂದೆ. ಹತ್ತು ಹೆಜ್ಜೆ ಅಂತರ. ನಾನು ಜೋರಾಗಿ ನಡೆದರೆ ಅವಳೂ ಜೋರು, ನಿಧಾನಿಸಿದರೆ ಅವಳೂ ನಿಧಾನ. ಆ ಹತ್ತು ಹೆಜ್ಜೆ ಕಡಿಮೆಯಾಗಲಿಲ್ಲ. ಸೈಕಲ್ ರಿಪೇರಿ ಅಂಗಡಿ, ಔಷಧಿ ಅಂಗಡಿ, ಮುಚ್ಚಿದ ಟಾಕೀಸು, ಎಲ್ಲ ಹಾದೆವು. ಹೆಗಲು ಉರಿಯುತ್ತಿತ್ತು. ಸಂಜೆ ಅಮ್ಮನಿಗೆ ಫೋನು ಮಾಡಿ ಕೆಲಸ ಹೋದದ್ದನ್ನು ಹೇಳಬೇಕು. ಸೈನ್ ಹಾಕಿದ್ದನ್ನೂ ಹೇಳಬೇಕು.

ದೊಡ್ಡ ರಸ್ತೆ ದಾಟುವ ಕಡೆ ಅವಳು ನಿಂತಳು. ತಿರುಗಲಿಲ್ಲ. ನಾನು ಹತ್ತಿರ ಹೋಗುವವರೆಗೂ ನಿಂತೇ ಇದ್ದಳು. ಎದುರಿಗೆ ಬಸ್ಸುಗಳು ಹೋಗುತ್ತಿದ್ದವು.

"ಒಳಗೆ ಇನ್ನೂ ಹದಿಮೂರಿವೆ," ಅಂದಳು. ರಸ್ತೆಗೆ ಹೇಳಿದ ಹಾಗೆ.

"ಗೊತ್ತು."

"ಮುಂದಿನ ಶಾಲೆಗೆ ಅವನ್ನೆಲ್ಲ ಯಾರು ಹೊರ್ತಾರೆ?"

"ಗೊತ್ತಿಲ್ಲ," ಅಂದೆ. "ನಾನಲ್ಲ."

ಅವಳು ಆ ಮಾತನ್ನು ತೂಗಿ ನೋಡುವವಳ ಹಾಗೆ ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. ಬಸ್ಸು ಹೋಯಿತು. ರಸ್ತೆ ಖಾಲಿಯಾಯಿತು. ಅವಳು ದಾಟಿದಳು. ನಾನು ಹಿಂದೆಯೇ ದಾಟಿದೆ. ಆ ಕಡೆ ಮತ್ತೆ ಮುಂದೆ ಹೋಗಿಬಿಟ್ಟಳು.

ಎಣಿಸಿದೆ. ಎಂಟು ಹೆಜ್ಜೆ.